ಸ್ವಯಂಪ್ರೇರಿತ ಪಾಲನೆ: ಸಾಂಕ್ರಾಮಿಕ ಕಾಲದ ಮುನ್ನೆಚ್ಚರಿಕೆ ಉದ್ಯಮಿಗಳಿಗೆ ಕಲಿಸಿದ ಪಾಠ

ಕಾನೂನು ಪಾಲನೆ ಎಂಬುದು ವಾಣಿಜ್ಯ ಲೋಕಕ್ಕೆ ಹೊಸ ವಿಷಯವಲ್ಲ. ತೆರಿಗೆ, ತೂಕ ಮತ್ತು ಅಳತೆ, ಕಾರ್ಮಿಕ ಕಾಯಿದೆ, ಮಾಲಿನ್ಯ ನಿಯಂತ್ರಣ ಹೀಗೆ ಪ್ರತಿಯೊಂದು ಉದ್ದಿಮೆಯೂ ಹತ್ತಾರು ನಿಯಮಗಳ ಚೌಕಟ್ಟಿನೊಳಗೆ ನಡೆಯುತ್ತದೆ. ಈ ಪಾಲನೆಯಲ್ಲಿ ಎರಡು ಬಗೆಗಳಿವೆ. ತಪಾಸಣಾಧಿಕಾರಿ ಬಂದಾರೆಂಬ ಅಂಜಿಕೆಯಿಂದ ಪಾಲಿಸುವುದು ಒಂದು ಬಗೆ. ಯಾರೂ ನೋಡದಿರುವಾಗಲೂ ಪಾಲಿಸುವುದು ಎರಡನೆಯ ಬಗೆ. ಮೊದಲನೆಯದಕ್ಕೆ ಸರ್ಕಾರವೂ ಮಾಲೀಕರೂ ನಿರಂತರವಾಗಿ ಕಾವಲಿನ ವೆಚ್ಚ ಭರಿಸಬೇಕಾಗುತ್ತದೆ. ಎರಡನೆಯದು ಒಮ್ಮೆ ನೆಲೆಗೊಂಡರೆ ಹೆಚ್ಚಿನ ವೆಚ್ಚವಿಲ್ಲದೆ ಮುಂದುವರಿಯುತ್ತದೆ.

ಎರಡನೆಯ ಬಗೆಯ ಪಾಲನೆ ಹೇಗೆ ಹುಟ್ಟುತ್ತದೆ, ಹೇಗೆ ಕುಗ್ಗುತ್ತದೆ ಎಂಬುದನ್ನು ಅರಿಯಲು ಕೋವಿಡ್-19 ಸಾಂಕ್ರಾಮಿಕವು ಒಂದು ದೊಡ್ಡ ಅವಕಾಶವನ್ನು ಒದಗಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಘೋಷಿಸಿದ ಜಾಗತಿಕ ಆರೋಗ್ಯ ತುರ್ತುಸ್ಥಿತಿಯು 2023ರ ಮೇ 5ರಂದು ಮುಕ್ತಾಯಗೊಂಡಿತು. ಈ ಅವಧಿಯಲ್ಲಿ ಕೋಟ್ಯಂತರ ಜನರು ಮಾಸ್ಕ್ ಧರಿಸಿದರು, ಕೈ ತೊಳೆದರು, ಜನಸಂದಣಿಯಿಂದ ದೂರ ಉಳಿದರು, ಮದುವೆ ಮುಂಜಿಗಳನ್ನು ಮುಂದೂಡಿದರು. ಇದೆಲ್ಲವೂ ಕೇವಲ ಪೊಲೀಸರ ಭಯದಿಂದ ನಡೆಯಿತೆ? ಅಲ್ಲವಾದರೆ ಯಾವ ಕಾರಣಗಳು ಕೆಲಸ ಮಾಡಿದವು? ಮುಂದೆ ಇಂತಹ ಸಂದರ್ಭ ಎದುರಾದರೆ ಅಂಗಡಿಯ ಗಲ್ಲೆಯಲ್ಲಿ ಕುಳಿತ ವರ್ತಕರೂ ಸಣ್ಣ ಕಾರ್ಖಾನೆಯ ಮಾಲೀಕರೂ ಈ ಅನುಭವದಿಂದ ಏನನ್ನು ಬಳಸಿಕೊಳ್ಳಬಹುದು? ಈ ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ದಂಡದ ಲೆಕ್ಕಾಚಾರ

ದಂಡದ ಬಗ್ಗೆ ಅರ್ಥಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ. 1972ರಲ್ಲಿ ಆಲಿಂಗ್‌ಹ್ಯಾಮ್ ಮತ್ತು ಸ್ಯಾಂಡ್ಮೋ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ತೆರಿಗೆ ತಪ್ಪಿಸುವಿಕೆಯ ಕುರಿತು ಇದನ್ನು ವ್ಯವಸ್ಥಿತವಾಗಿ ಮಂಡಿಸಿದರು. ನಿಯಮ ಮುರಿಯುವವನು ಸಿಕ್ಕಿಬೀಳುವ ಸಂಭವವನ್ನೂ, ಸಿಕ್ಕಿಬಿದ್ದರೆ ತೆರಬೇಕಾದ ದಂಡವನ್ನೂ ಗುಣಿಸಿ, ಅದನ್ನು ನಿಯಮ ಮುರಿಯುವುದರಿಂದ ಬರುವ ಲಾಭದೊಂದಿಗೆ ತೂಗಿ ನೋಡುತ್ತಾನೆ ಎಂಬುದು ಇದರ ತಿರುಳು.

ಈ ಸೂತ್ರವನ್ನು ಮಾಸ್ಕ್ ನಿಯಮಕ್ಕೆ ಅನ್ವಯಿಸಿ ನೋಡಬಹುದು. ಕರ್ನಾಟಕದಲ್ಲಿ 2020ರ ಸೆಪ್ಟೆಂಬರ್ ಕೊನೆಯಲ್ಲಿ ಮಾಸ್ಕ್ ಧರಿಸದವರ ಮೇಲಿನ ದಂಡವನ್ನು ನಗರ ಪ್ರದೇಶದಲ್ಲಿ ರೂ. 1,000ಕ್ಕೂ, ಗ್ರಾಮೀಣ ಪ್ರದೇಶದಲ್ಲಿ ರೂ. 500ಕ್ಕೂ ಏರಿಸಲಾಯಿತು. ಸಾರ್ವಜನಿಕ ವಿರೋಧ ವ್ಯಕ್ತವಾದುದರಿಂದ ಒಂದೇ ವಾರದ ಆಸುಪಾಸಿನಲ್ಲಿ ಅದನ್ನು ಕ್ರಮವಾಗಿ ರೂ. 250 ಮತ್ತು ರೂ. 100ಕ್ಕೆ ಇಳಿಸಲಾಯಿತು. ಮಾಸ್ಕ್ ಇಲ್ಲದೆ ಪೇಟೆಗೆ ಬಂದ ಇನ್ನೂರು ಜನರಲ್ಲಿ ಒಬ್ಬನು ಸಿಕ್ಕಿಬೀಳುತ್ತಾನೆಂದು ಲೆಕ್ಕಕ್ಕಾಗಿ ಭಾವಿಸೋಣ. ಆಗ ರೂ. 250ರ ದಂಡದ ನಿರೀಕ್ಷಿತ ವೆಚ್ಚ ಕೇವಲ ರೂ. 1.25 ಆಗುತ್ತದೆ. ಅಷ್ಟು ಹಣಕ್ಕೆ ಒಂದು ಒಳ್ಳೆಯ ಮಾಸ್ಕ್ ಸಹ ಬರುವುದಿಲ್ಲ. ದಂಡದ ಲೆಕ್ಕವೊಂದನ್ನೇ ನೋಡುವ ಮನುಷ್ಯನು ಮಾಸ್ಕ್ ಧರಿಸಬೇಕಾಗಿಯೇ ಇರಲಿಲ್ಲ. ಆದರೂ ಅಸಂಖ್ಯಾತ ಜನರು ಧರಿಸಿದರು. ಆದ್ದರಿಂದ ಪಾಲನೆಯ ಕಾರಣವನ್ನು ದಂಡದ ಹೊರಗೂ ಹುಡುಕಬೇಕಾಗುತ್ತದೆ.

ತೆರಿಗೆಯಲ್ಲಿಯೂ ಇದೇ ಸ್ಥಿತಿ. ಸಲ್ಲಿಕೆಯಾಗುವ ಆದಾಯ ತೆರಿಗೆ ವಿವರಣೆಗಳಲ್ಲಿ ಶೇ. 1ಕ್ಕಿಂತ ಕಡಿಮೆ ವಿವರಣೆಗಳು ಮಾತ್ರ ವಿವರವಾದ ಪರಿಶೀಲನೆಗೆ ಆಯ್ಕೆಯಾಗುತ್ತವೆ. ಆದರೂ ಬಹುಪಾಲು ತೆರಿಗೆ ಖಜಾನೆಗೆ ಸೇರುತ್ತದೆ. ಇದರಲ್ಲಿ ಮೂಲದಲ್ಲೇ ತೆರಿಗೆ ಕಡಿತದ ಪಾತ್ರ ದೊಡ್ಡದು. ಪಾಲಿಸುವವನಿಗೆ ಪ್ರತ್ಯೇಕ ಶ್ರಮವಿಲ್ಲದಂತೆ ಪಾಲನೆಯನ್ನು ವ್ಯವಹಾರದ ಹಾದಿಯಲ್ಲೇ ಜೋಡಿಸಿಟ್ಟರೆ ಅದು ತಾನಾಗಿ ನಡೆಯುತ್ತದೆ ಎಂಬ ಅಂಶವನ್ನು ಇಲ್ಲಿ ಗಮನದಲ್ಲಿಡಬೇಕು.

ದಂಡವು ಕೆಲವೊಮ್ಮೆ ವಿಪರೀತ ಪರಿಣಾಮವನ್ನೂ ಬೀರುತ್ತದೆ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ಅವುಗಳಲ್ಲಿ ಆರು ಶಿಶುವಿಹಾರಗಳು ಸಣ್ಣ ದಂಡ ವಿಧಿಸತೊಡಗಿದವು. ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಸುಮಾರು ಎರಡರಷ್ಟಾಯಿತು. ದಂಡವನ್ನು ರದ್ದುಪಡಿಸಿದ ಮೇಲೂ ಅದು ಕೆಳಗಿಳಿಯಲಿಲ್ಲ. ಮೊದಲು ಶಿಕ್ಷಕಿಯರಿಗೆ ತೊಂದರೆಯಾದೀತೆಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ತಡವಾಗಿ ಬರುವುದಕ್ಕೆ ತೆರುವ ಬೆಲೆಯಾಯಿತು. ಬೆಲೆ ಕೊಟ್ಟವನಿಗೆ ಸಂಕೋಚವಿರುವುದಿಲ್ಲ.

ಆದೇಶಕ್ಕೆ ಮೊದಲೇ ಬರಿದಾದ ಅಂಗಡಿಗಳು

ಸಾಂಕ್ರಾಮಿಕದ ಕಾಲದಲ್ಲಿ ವ್ಯಾಪಾರ ಕುಸಿದುದಕ್ಕೆ ಸರ್ಕಾರದ ನಿರ್ಬಂಧವೇ ಏಕೈಕ ಕಾರಣವೆಂಬ ಅಭಿಪ್ರಾಯ ವರ್ತಕ ವಲಯದಲ್ಲಿ ವ್ಯಾಪಕವಾಗಿತ್ತು. ಈ ಅಭಿಪ್ರಾಯವನ್ನು ಅಂಕಿ ಅಂಶಗಳ ಮೂಲಕ ಒರೆಗೆ ಹಚ್ಚಿದವರು ಷಿಕಾಗೋ ವಿಶ್ವವಿದ್ಯಾಲಯದ ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸಿವರ್ಸನ್. ಅಮೆರಿಕದ 22 ಲಕ್ಷಕ್ಕೂ ಹೆಚ್ಚು ವ್ಯಾಪಾರ ಸ್ಥಳಗಳಿಗೆ ಗ್ರಾಹಕರು ಭೇಟಿ ನೀಡಿದ ವಿವರಗಳನ್ನು ಮೊಬೈಲ್ ದೂರವಾಣಿ ದಾಖಲೆಗಳ ಸಹಾಯದಿಂದ ಅವರು 2020ರಲ್ಲಿ ಪರಿಶೀಲಿಸಿದರು. ಒಂದೇ ಪೇಟೆ ಪ್ರದೇಶದಲ್ಲಿದ್ದು, ಆಡಳಿತದ ಗಡಿಯ ಈಚೆ ನಿರ್ಬಂಧವಿದ್ದ ಹಾಗೂ ಆಚೆ ನಿರ್ಬಂಧವಿಲ್ಲದ ಅಂಗಡಿಗಳನ್ನು ಹೋಲಿಸಿದುದು ಈ ಅಧ್ಯಯನದ ವೈಶಿಷ್ಟ್ಯ.

ಫಲಿತಾಂಶ ಅಚ್ಚರಿ ಹುಟ್ಟಿಸುವಂತಹುದು. ಗ್ರಾಹಕರ ಓಡಾಟ ಒಟ್ಟಾರೆ ಶೇ. 60ರಷ್ಟು ಇಳಿದಿತ್ತು. ಅದರಲ್ಲಿ ಕಾನೂನಿನ ನಿರ್ಬಂಧದಿಂದ ಆದ ಇಳಿಕೆ ಕೇವಲ 7 ಅಂಶಗಳಷ್ಟು. ಉಳಿದ ಬಹುಪಾಲು ಇಳಿಕೆಗೆ ಜನರ ಸ್ವಂತ ನಿರ್ಧಾರವೇ ಕಾರಣ; ಇಳಿಕೆಯು ಆದೇಶ ಹೊರಡುವ ಮೊದಲೇ ಆರಂಭವಾಗಿತ್ತು. ವರ್ತಕರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯೂ ಅಲ್ಲಿದೆ. ಗ್ರಾಹಕರು ಜನಸಂದಣಿಯಿರುವ ದೊಡ್ಡ ಮಳಿಗೆಗಳನ್ನು ಬಿಟ್ಟು, ಜನ ಕಡಿಮೆಯಿರುವ ಸಣ್ಣ ಅಂಗಡಿಗಳ ಕಡೆಗೆ ತಿರುಗಿದರು.

ಅಮೆರಿಕದ ಈ ಲೆಕ್ಕವನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದು. 2020ರ ಮಾರ್ಚ್ 25ರಂದು ಆರಂಭವಾದ ರಾಷ್ಟ್ರವ್ಯಾಪಿ ಲಾಕ್‌ಡೌನ್ ಅತ್ಯಂತ ಕಠಿಣವಾದುದಾಗಿತ್ತು. ಅದು ವ್ಯಾಪಾರಕ್ಕೆ ಕೊಟ್ಟ ಪೆಟ್ಟು ನೇರವಾದುದು. ದಿನದ ಕೂಲಿಯಿಂದ ಬದುಕುವವನಿಗೆ ಮನೆಯಲ್ಲಿ ಉಳಿಯುವ ಸ್ವಾತಂತ್ರ್ಯವೂ ಇರುವುದಿಲ್ಲ. ಆದರೆ ನಿರ್ಬಂಧ ಸಡಿಲಗೊಂಡ ನಂತರದ ಘಟನೆಗಳು ಅದೇ ದಿಕ್ಕನ್ನು ತೋರಿಸುತ್ತವೆ. 2020ರ ಜೂನ್, ಜುಲೈ ತಿಂಗಳುಗಳಲ್ಲಿ ಸೋಂಕು ಏರತೊಡಗಿದಾಗ ಕರ್ನಾಟಕದ ಅನೇಕ ಊರುಗಳಲ್ಲಿ ವರ್ತಕರ ಸಂಘಗಳು ಆದೇಶಕ್ಕೆ ಕಾಯದೆ, ಮಧ್ಯಾಹ್ನದ ಬಳಿಕ ಅಂಗಡಿ ಮುಚ್ಚುವ ಅಥವಾ ಕೆಲದಿನ ಸ್ವಯಂಪ್ರೇರಿತ ಬಂದ್ ಆಚರಿಸುವ ತೀರ್ಮಾನ ಕೈಗೊಂಡವು. ಲಾಕ್‌ಡೌನ್ ನಷ್ಟದಿಂದ ಇನ್ನೂ ಚೇತರಿಸಿಕೊಳ್ಳದಿದ್ದ ವರ್ತಕರೇ ಹೀಗೆ ತಾವಾಗಿ ಬಾಗಿಲು ಹಾಕಿದರೆಂಬುದು ಸಣ್ಣ ಮಾತಲ್ಲ.

ಜಪಾನ್ ದೇಶವು ಮತ್ತೊಂದು ನಿದರ್ಶನ. ಅಲ್ಲಿ 2020ರ ಏಪ್ರಿಲ್‌ನಲ್ಲಿ ತುರ್ತುಸ್ಥಿತಿ ಘೋಷಣೆಯಾದಾಗ, ಮನೆಯಿಂದ ಹೊರಬಂದ ನಾಗರಿಕರಿಗೆ ದಂಡ ವಿಧಿಸುವ ಅಧಿಕಾರವೇ ಸರ್ಕಾರಕ್ಕಿರಲಿಲ್ಲ. ಅದು ಕೇವಲ ವಿನಂತಿ ಮಾಡಿಕೊಂಡಿತು. ಆದರೂ ಓಡಾಟ ಗಣನೀಯವಾಗಿ ಇಳಿಯಿತು.

ಅಪಾಯ ತನ್ನದೆಂಬ ಅರಿವು

ಆರೋಗ್ಯದ ಮುನ್ನೆಚ್ಚರಿಕೆಯನ್ನು ಕೆಲವರು ತಾವಾಗಿ ಪಾಲಿಸುವುದೇಕೆ, ಕೆಲವರು ಪಾಲಿಸದಿರುವುದೇಕೆ ಎಂಬ ಪ್ರಶ್ನೆ ಕೋವಿಡ್‌ಗಿಂತ ಬಹಳ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಕ್ಷಯರೋಗ ಪತ್ತೆಗಾಗಿ ಎದೆಯ ಎಕ್ಸ್-ರೇ ಸೌಲಭ್ಯವನ್ನು ಸಂಚಾರಿ ವಾಹನಗಳಲ್ಲಿ ಜನರ ಬಳಿಗೇ ಕೊಂಡೊಯ್ದಿತು. ಆದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಕಾರಣ ಹುಡುಕಲು ಗಾಡ್‌ಫ್ರೀ ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರು ಮೂರು ನಗರಗಳ 1,200ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದರು.

ತನಗೂ ಈ ರೋಗ ಬರಬಹುದು ಎಂಬುದು ಮೊದಲ ನಂಬಿಕೆ. ಮೊದಲೇ ಪತ್ತೆಯಾದರೆ ಪ್ರಯೋಜನವುಂಟು ಎಂಬುದು ಎರಡನೆಯ ನಂಬಿಕೆ. ಈ ಎರಡೂ ನಂಬಿಕೆಗಳಿದ್ದವರಲ್ಲಿ ಶೇ. 82 ಮಂದಿ ತಾವಾಗಿ ಎಕ್ಸ್-ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ಶೇ. 21 ಮಂದಿ ಮಾತ್ರ ತೆಗೆಸಿಕೊಂಡಿದ್ದರು. ರೋಗ ಭಯಂಕರವಾದುದೆಂದು ಹೆದರಿಸಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಅಪಾಯ ತನ್ನದೆಂದೂ, ಅದಕ್ಕೆ ಕೈಗೆಟುಕುವ ಪರಿಹಾರವಿದೆಯೆಂದೂ ಎರಡೂ ಒಟ್ಟಿಗೆ ಮನವರಿಕೆಯಾಗಬೇಕು.

ಈ ಅರಿವು ಸ್ಥಿರವಾಗಿರುವುದಿಲ್ಲ ಎಂಬುದು ಇದರ ದುರ್ಬಲ ಅಂಶ. ಸೋಂಕು ಏರಿದಾಗ ಜನರ ಎಚ್ಚರಿಕೆ ಏರುತ್ತದೆ, ಇಳಿದಾಗ ಇಳಿಯುತ್ತದೆ. ಬೆಲೆ ಏರಿದಾಗ ಬೇಡಿಕೆ ಕುಗ್ಗುವಂತೆ, ಸೋಂಕಿನ ಅಪಾಯ ಏರಿದಾಗ ಸಂಪರ್ಕದ ಬೇಡಿಕೆ ಕುಗ್ಗುತ್ತದೆ ಎಂದು ಫಿಲಿಪ್ಸನ್ ಮತ್ತು ಪೋಸ್ನರ್ ಎಂಬ ವಿದ್ವಾಂಸರು ಏಡ್ಸ್ ರೋಗದ ಹಿನ್ನೆಲೆಯಲ್ಲಿ 1993ರಲ್ಲೇ ವಿವರಿಸಿದ್ದರು. ಭಾರತದ ಅನುಭವ ಇದಕ್ಕೆ ಕಹಿಯಾದ ಸಾಕ್ಷಿ. 2021ರ ಫೆಬ್ರವರಿಯಲ್ಲಿ ದೇಶದ ದಿನದ ಪ್ರಕರಣಗಳು ಹನ್ನೊಂದು ಸಾವಿರದ ಆಸುಪಾಸಿಗೆ ಇಳಿದಿದ್ದವು. ಸಭೆ ಸಮಾರಂಭಗಳು ಮರಳಿದವು, ಮಾಸ್ಕ್ ಗದ್ದದ ಕೆಳಗಿಳಿಯಿತು. ವೈರಾಣುವಿನ ಹೊಸ ರೂಪವೂ ಸೇರಿಕೊಂಡು, ಮೇ ಮೊದಲ ವಾರದ ಹೊತ್ತಿಗೆ ದಿನದ ಪ್ರಕರಣಗಳು ನಾಲ್ಕು ಲಕ್ಷವನ್ನು ದಾಟಿದವು. ಕರ್ನಾಟಕವೊಂದರಲ್ಲೇ 2021ರ ಮೇ 5ರಂದು ಐವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಸ್ವಂತ ಭಯವೊಂದನ್ನೇ ನೆಚ್ಚಿದ ಎಚ್ಚರಿಕೆಯು ಅಪಾಯ ಕಣ್ಣಿಗೆ ಕಾಣುವವರೆಗೆ ಕಾಯುತ್ತದೆ. ಸೋಂಕು ರೋಗದಲ್ಲಿ ಅಪಾಯ ಕಣ್ಣಿಗೆ ಕಾಣುವ ವೇಳೆಗೆ ತಡವಾಗಿರುತ್ತದೆ.

ಇತರರ ಲಾಭ ಮತ್ತು ನೆರೆಹೊರೆಯ ನಡವಳಿಕೆ

ಮಾಸ್ಕ್ ಧರಿಸುವವನ ಶ್ರಮ ಅವನದು. ಅದರ ಲಾಭದ ದೊಡ್ಡ ಪಾಲು ಎದುರಿಗಿರುವವನದು. ಇದನ್ನು ಅರ್ಥಶಾಸ್ತ್ರಜ್ಞರು ಬಾಹ್ಯ ಪರಿಣಾಮ ಎನ್ನುತ್ತಾರೆ. ಕಾರ್ಖಾನೆಯ ಹೊಗೆಯಿಂದಾಗುವ ನಷ್ಟ ಮಾಲೀಕರ ಲೆಕ್ಕಪುಸ್ತಕದಲ್ಲಿ ಕಾಣದಂತೆ, ಮಾಸ್ಕಿನ ಪೂರ್ಣ ಲಾಭ ಧರಿಸಿದವನ ಲೆಕ್ಕದಲ್ಲಿ ಕಾಣುವುದಿಲ್ಲ. ಎಲ್ಲರೂ ಪಾಲಿಸುತ್ತಿದ್ದಾರೆಂದು ಕಂಡಾಗ ಮನುಷ್ಯನು ತನ್ನ ಪಾಲನ್ನು ಸಲ್ಲಿಸಲು ಒಪ್ಪುತ್ತಾನೆ. ತಾನೊಬ್ಬನೇ ಪಾಲಿಸುತ್ತಿದ್ದೇನೆಂದು ಅನಿಸಿದರೆ ಕೈಬಿಡುತ್ತಾನೆ. ಚೀಟಿ ವ್ಯವಹಾರದಲ್ಲಿ ಒಬ್ಬಿಬ್ಬರು ಕಂತು ತಪ್ಪಿಸಿದರೆ ಉಳಿದವರ ಮನಸ್ಸೂ ಸಡಿಲವಾಗುವುದನ್ನು ಪೇಟೆಯ ಜನ ಬಲ್ಲರು.

ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಪುರಾವೆ ಬಾಂಗ್ಲಾದೇಶದಿಂದ ಬಂದಿದೆ. ಜೇಸನ್ ಅಬಲಕ್, ಅಹ್ಮದ್ ಮುಷ್ಫಿಕ್ ಮೊಬಾರಕ್ ಮತ್ತಿತರ ಸಂಶೋಧಕರು 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ ಅಲ್ಲಿನ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ವಯಸ್ಕರ ನಡುವೆ ಒಂದು ಬೃಹತ್ ಪ್ರಯೋಗ ನಡೆಸಿದರು. ಮಾಸ್ಕ್ ಕಡ್ಡಾಯವೆಂಬ ಸರ್ಕಾರಿ ಆದೇಶ ಆ ವೇಳೆಗೆ ಜಾರಿಯಲ್ಲಿತ್ತು. ಆದರೂ ಪ್ರಯೋಗದ ಕ್ರಮಗಳನ್ನು ಕೈಗೊಳ್ಳದ ಹಳ್ಳಿಗಳಲ್ಲಿ ಮಾಸ್ಕನ್ನು ಸರಿಯಾಗಿ ಧರಿಸಿದವರು ಶೇ. 13.3 ಮಾತ್ರ. ಉಳಿದ ಹಳ್ಳಿಗಳಲ್ಲಿ ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡಲಾಯಿತು: ಮಾಸ್ಕನ್ನು ಉಚಿತವಾಗಿ ಮನೆಗೆ ತಲುಪಿಸುವುದು, ಅದರ ಅಗತ್ಯವನ್ನು ವಿವರಿಸುವುದು, ಸಂತೆ, ಮಸೀದಿ ಮೊದಲಾದ ಜನ ಸೇರುವ ಕಡೆಗಳಲ್ಲಿ ಧರಿಸದವರಿಗೆ ಸೌಜನ್ಯದಿಂದ ನೆನಪಿಸುವುದು, ಊರಿನ ಹಿರಿಯರು ಮತ್ತು ಇಮಾಮರು ಸ್ವತಃ ಧರಿಸಿ ಮಾದರಿಯಾಗುವುದು. ಆ ಹಳ್ಳಿಗಳಲ್ಲಿ ಪ್ರಮಾಣ ಶೇ. 42.3ಕ್ಕೆ ಏರಿತು.

ಇದರಿಂದ ರೋಗವೂ ಇಳಿಯಿತೆ? ರಕ್ತ ಪರೀಕ್ಷೆಯಿಂದ ದೃಢಪಟ್ಟ, ರೋಗಲಕ್ಷಣ ಸಹಿತ ಸೋಂಕು ಆ ಹಳ್ಳಿಗಳಲ್ಲಿ ಒಟ್ಟಾರೆ ಶೇ. 9.3ರಷ್ಟು ಕಡಿಮೆಯಿತ್ತು. ಇದು ಬಹು ದೊಡ್ಡ ಇಳಿಕೆಯಲ್ಲ. ಆದರೆ ಹತ್ತರಲ್ಲಿ ನಾಲ್ವರಷ್ಟೇ ಧರಿಸಿದಾಗ ದೊರೆತ ಫಲ ಅದೆಂಬುದನ್ನು ಮರೆಯಬಾರದು.

ಪ್ರಯೋಗದಲ್ಲಿ ಫಲ ನೀಡದ ಉಪಾಯಗಳೂ ಅಷ್ಟೇ ಬೋಧಪ್ರದವಾಗಿವೆ. ಊರಿಗೆ ನಗದು ಬಹುಮಾನ, ಮೊಬೈಲಿಗೆ ನೆನಪಿನ ಸಂದೇಶ, ಮನೆಯ ಬಾಗಿಲಿಗೆ ಪ್ರತಿಜ್ಞೆಯ ಫಲಕ ಇವು ಯಾವುವೂ ಮೇಲಿನ ನಾಲ್ಕು ಕ್ರಮಗಳಿಗೆ ಹೆಚ್ಚಿನ ಬಲ ಸೇರಿಸಲಿಲ್ಲ. ಎದುರಿಗೆ ನಿಂತು ಮರ್ಯಾದೆಯಿಂದ ಹೇಳುವ ಒಬ್ಬ ಮನುಷ್ಯನ ಮಾತು ನಿಜವಾಗಿ ಕೆಲಸ ಮಾಡಿತು.

ಆದೇಶ ನೀಡುವವರ ಮೇಲಿನ ವಿಶ್ವಾಸ

ಮುನ್ನೆಚ್ಚರಿಕೆಯ ಮಾತನ್ನು ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದರ ಮೇಲೆ ಪಾಲನೆ ನಿಂತಿರುತ್ತದೆ. ಇದಕ್ಕೆ ನಮ್ಮ ದೇಶದ ಪ್ಲೇಗಿನ ಇತಿಹಾಸಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡ ನಂತರ ಬ್ರಿಟಿಷ್ ಸರ್ಕಾರವು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು. ರೋಗಿಗಳನ್ನೂ ಶಂಕಿತರನ್ನೂ ಬಲವಂತವಾಗಿ ಬೇರ್ಪಡಿಸಿದರು. ಉದ್ದೇಶ ರೋಗ ನಿಯಂತ್ರಣವೇ ಆಗಿತ್ತು. ಆದರೆ ಅವಮಾನಕ್ಕೊಳಗಾದ ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್ ಎಂಬ ಅಧಿಕಾರಿಯ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸುವ ಮಟ್ಟಕ್ಕೆ ಆಕ್ರೋಶ ಬೆಳೆಯಿತು.

ಇದೇ ಕಾಲದ ಇನ್ನೊಂದು ಘಟನೆ ಕನ್ನಡ ನಾಡಿನದು. ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್ಕಿನ್ ಅವರು 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡಿದ್ದರು. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ತೀವ್ರವಾದಾಗ, ರೈಲ್ವೆ ಕಾರ್ಯಾಗಾರದ ಆ ವ್ಯಾಪಾರಿ ಪಟ್ಟಣದಲ್ಲಿ ಮೂವತ್ತು ಸಾವಿರಕ್ಕೂ ಅಧಿಕ ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಕಡಿಮೆಯೆಂಬುದನ್ನು ಊರಿನವರು ತಮ್ಮ ಓಣಿಯಲ್ಲೇ ಕಾಣುವಂತಿತ್ತು. ಹೊಸ ಲಸಿಕೆಯೊಂದರ ಬಗ್ಗೆ ಎಲ್ಲೆಡೆ ಅನುಮಾನವಿದ್ದ ಕಾಲದಲ್ಲಿ ಇದು ಗಮನಾರ್ಹ ಸಂಗತಿ.

ಗಳಿಸಿದ ವಿಶ್ವಾಸವನ್ನು ಕಳೆದುಕೊಳ್ಳುವುದೂ ಸುಲಭ. 1902ರಲ್ಲಿ ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ಕಲುಷಿತಗೊಂಡ ಒಂದು ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಲಸಿಕಾ ಕಾರ್ಯಕ್ಕೆ ಭಾರಿ ಹಿನ್ನಡೆಯಾಯಿತು. ಹಾಫ್ಕಿನ್ ಅವರ ತಪ್ಪಿಲ್ಲವೆಂದು ಸ್ಪಷ್ಟವಾಗಲು ಐದು ವರ್ಷಗಳು ಬೇಕಾದವು. ವ್ಯಾಪಾರದಲ್ಲಿ ನಾಮಬಲವನ್ನು ಕಟ್ಟಲು ತಲೆಮಾರು ಹಿಡಿಯುತ್ತದೆ, ಕಳೆಯಲು ಒಂದು ಕೆಟ್ಟ ಸರಕು ಸಾಕು. ಸಾರ್ವಜನಿಕ ಆರೋಗ್ಯದಲ್ಲಿಯೂ ಲೆಕ್ಕ ಅದೇ.

ಕೂಲಿಯ ಪ್ರಶ್ನೆ

ಇಷ್ಟೆಲ್ಲ ಇದ್ದರೂ ಒಂದು ಮುಖ್ಯ ತೊಡಕು ಉಳಿಯುತ್ತದೆ. ಜ್ವರ ಬಂದ ಕೆಲಸಗಾರನಿಗೆ ಅಪಾಯ ತಿಳಿದಿದೆ, ಸಹೋದ್ಯೋಗಿಗಳ ಮೇಲೆ ಪ್ರೀತಿಯೂ ಇದೆ ಎಂದುಕೊಳ್ಳೋಣ. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಅವನು ಒಂದು ಮಾತ್ರೆ ನುಂಗಿ, ಜ್ವರವನ್ನು ಮುಚ್ಚಿಟ್ಟು, ಬಾಗಿಲಿನ ಥರ್ಮಲ್ ಸ್ಕ್ಯಾನರ್ ದಾಟಿ ಒಳಗೆ ಬರುತ್ತಾನೆ. ಇದನ್ನು ಅವನ ಬೇಜವಾಬ್ದಾರಿಯೆಂದು ಜರೆಯುವುದು ಸುಲಭ. ಆದರೆ ಮನೆಯಲ್ಲಿ ಒಲೆ ಹೊತ್ತಿಸಬೇಕಾದವನಿಗೆ ಅದು ಬಲವಂತದ ಆಯ್ಕೆ.

ಕಾರ್ಮಿಕ ರಾಜ್ಯ ವಿಮಾ ಯೋಜನೆಯಲ್ಲಿ ಅನಾರೋಗ್ಯ ಭತ್ಯೆಯ ಅವಕಾಶವಿದೆ. ಸಾಂಕ್ರಾಮಿಕದ ಕಾಲದಲ್ಲಿ ಜಾರಿಯಲ್ಲಿದ್ದ 1948ರ ಕಾಯಿದೆಯ ವ್ಯವಸ್ಥೆಯಲ್ಲಿ ವಿಮೆಗೊಳಪಟ್ಟ ಕೆಲಸಗಾರನಿಗೆ ವರ್ಷಕ್ಕೆ 91 ದಿನಗಳವರೆಗೆ, ವೇತನದ ಶೇ. 70ರ ದರದಲ್ಲಿ ಭತ್ಯೆ ದೊರೆಯುತ್ತಿತ್ತು. ಆದರೆ ಸಾಮಾನ್ಯವಾಗಿ ಅನಾರೋಗ್ಯದ ಮೊದಲ ಎರಡು ದಿನಗಳಿಗೆ ಭತ್ಯೆಯಿರಲಿಲ್ಲ. ಕೋವಿಡ್ ಸೋಂಕು ಅತಿ ಹೆಚ್ಚಾಗಿ ಹರಡುವುದು ರೋಗಲಕ್ಷಣ ಕಾಣಿಸಿಕೊಳ್ಳುವ ದಿನದ ಹಿಂದೆಮುಂದೆ. ಅಂದರೆ ಕೆಲಸಗಾರನು ಮನೆಯಲ್ಲಿ ಉಳಿಯಲೇಬೇಕಾದ ದಿನಗಳಲ್ಲೇ ಅವನ ಕೈ ಬರಿದಾಗಿರುತ್ತಿತ್ತು. ಯೋಜನೆಯ ವ್ಯಾಪ್ತಿಗೆ ಬಾರದ ಸಣ್ಣ ಅಂಗಡಿ, ಘಟಕಗಳ ಕೆಲಸಗಾರರಿಗೆ ಅಷ್ಟೂ ಇರಲಿಲ್ಲ.

ಅಮೆರಿಕದಲ್ಲಿ 2020ರ ಏಪ್ರಿಲ್ 1ರಿಂದ ವರ್ಷಾಂತ್ಯದವರೆಗೆ, 500ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳು ಎರಡು ವಾರಗಳವರೆಗೆ ವೇತನ ಸಹಿತ ಅನಾರೋಗ್ಯ ರಜೆ ನೀಡುವಂತೆ ತಾತ್ಕಾಲಿಕ ಕಾನೂನು ತರಲಾಯಿತು. ವೆಚ್ಚವನ್ನು ಮಾಲೀಕರಿಗೆ ತೆರಿಗೆಯಲ್ಲಿ ತುಂಬಿಕೊಡಲಾಯಿತು. ಈ ಸೌಲಭ್ಯ ಹೊಸದಾಗಿ ದೊರೆತ ರಾಜ್ಯಗಳಲ್ಲಿ ಪ್ರತಿ ರಾಜ್ಯಕ್ಕೆ ದಿನವೊಂದಕ್ಕೆ ಸುಮಾರು 400 ಪ್ರಕರಣಗಳು ಕಡಿಮೆಯಾದವೆಂದು ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು.

ಸಣ್ಣ ಘಟಕಕ್ಕೆ ಇಂತಹ ರಜೆ ಭರಿಸಲು ಸಾಧ್ಯವೆ? ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಘಟಕದಲ್ಲಿ 25 ಕೆಲಸಗಾರರು; ದಿನಗೂಲಿ ರೂ. 600, ಬಾಡಿಗೆ, ಬಡ್ಡಿ, ವಿದ್ಯುತ್ತಿನ ಕನಿಷ್ಠ ಶುಲ್ಕ ಇತ್ಯಾದಿ ಸ್ಥಿರ ವೆಚ್ಚ ದಿನಕ್ಕೆ ರೂ. 8,000 ಎಂದಿಟ್ಟುಕೊಳ್ಳೋಣ.

(ಅ) ಸೋಂಕಿನ ಒಂದು ಅಲೆಯಲ್ಲಿ ಐವರು ಕೆಲಸಗಾರರಿಗೆ ತಲಾ ಮೂರು ದಿನ ವೇತನ ಸಹಿತ ರಜೆ ನೀಡಿದರೆ ವೆಚ್ಚ: 5 x 3 x 600 = ರೂ. 9,000.

(ಆ) ಒಬ್ಬನು ಜ್ವರ ಮುಚ್ಚಿಟ್ಟು ಬಂದು, ಸೋಂಕು ಹಬ್ಬಿ, ಘಟಕವನ್ನು ಐದು ದಿನ ಮುಚ್ಚಬೇಕಾದರೆ ಸ್ಥಿರ ವೆಚ್ಚದ ನಷ್ಟವೇ: 5 x 8,000 = ರೂ. 40,000. ಕೈತಪ್ಪಿದ ಆರ್ಡರು, ತಡವಾದ ಸರಬರಾಜಿನ ತಕರಾರು ಇದರಲ್ಲಿ ಸೇರಿಲ್ಲ.

ನಾಲ್ಕು ಅಲೆಗಳಲ್ಲಿ ರಜೆಯ ಒಟ್ಟು ವೆಚ್ಚ ರೂ. 36,000. ಆ ನಾಲ್ಕರಲ್ಲಿ ಒಂದು ಬಾರಿ ಘಟಕ ಮುಚ್ಚುವುದು ತಪ್ಪಿದರೂ ಹಣ ಮರಳಿದಂತೆಯೇ. ಸುಳ್ಳು ಜ್ವರದ ನೆಪ ಹೇಳುವವರೂ ಇರುತ್ತಾರೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ವೆಚ್ಚವನ್ನು ಇನ್ನರ್ಧದಷ್ಟು ಏರಿಸಿ ಅಲೆಯೊಂದಕ್ಕೆ ರೂ. 13,500 ಹಿಡಿದರೂ, ಮೂರು ಅಲೆಗಳಲ್ಲಿ ಒಂದು ಮುಚ್ಚುವಿಕೆ ತಪ್ಪಿದರೆ ಲೆಕ್ಕ ಬಹುತೇಕ ಸರಿದೂಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ರಜೆಯ ವೇತನವು ವ್ಯವಹಾರದ ವೆಚ್ಚ. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯದಿಂದ ಕಳೆಯಲು ತೆರಿಗೆ ಕಾನೂನು ಒಪ್ಪುವುದಿಲ್ಲ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೇಲಿನ ವಿವೇಚನೆಯಿಂದ ಅಂಗಡಿಗೂ ಕಾರ್ಖಾನೆಗೂ ಅನ್ವಯವಾಗುವ ಕೆಲವು ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

1. ಪಾಲನೆಯನ್ನು ಹಾದಿಯಲ್ಲೇ ಇಡಬೇಕು. ಕೈತೊಳೆಯುವ ನಲ್ಲಿ ಹಿತ್ತಿಲಲ್ಲಿದ್ದು ಸೂಚನಾ ಫಲಕ ಮುಂಬಾಗಿಲಲ್ಲಿದ್ದರೆ ಪ್ರಯೋಜನವಿಲ್ಲ. ಹಾಜರಿ ಪುಸ್ತಕದ ಪಕ್ಕದಲ್ಲೇ ಮಾಸ್ಕ್ ಮತ್ತು ಸ್ಯಾನಿಟೈಸರ್ ಇದ್ದರೆ ಅದು ತಾನಾಗಿ ಬಳಕೆಯಾಗುತ್ತದೆ.

2. ಮುನ್ನೆಚ್ಚರಿಕೆಯ ಸಾಮಗ್ರಿಯನ್ನು ಸಂಸ್ಥೆಯೇ ಉಚಿತವಾಗಿ ಒದಗಿಸಬೇಕು. ಕೂಲಿಯಲ್ಲಿ ಹಿಡಿದುಕೊಳ್ಳುವುದು ಉಳಿತಾಯವೆನಿಸಬಹುದು. ಪಾಲನೆ ಮಾತ್ರ ಕುಸಿಯುತ್ತದೆ.

3. ಮಾಲೀಕರು ಮತ್ತು ಮೇಲ್ವಿಚಾರಕರು ಮೊದಲು ಪಾಲಿಸಬೇಕು. ಗದ್ದಕ್ಕೆ ಮಾಸ್ಕ್ ಇಳಿಸಿಕೊಂಡ ಯಜಮಾನರ ಬುದ್ಧಿಮಾತು ಯಾರ ಕಿವಿಗೂ ಇಳಿಯುವುದಿಲ್ಲ.

4. ತಪ್ಪಿದವರಿಗೆ ಎಲ್ಲರೆದುರು ಗದರುವ ಬದಲು ಹತ್ತಿರ ಕರೆದು ನೆನಪಿಸಬೇಕು. ಅವಮಾನವು ರೋಗವನ್ನು ಬಚ್ಚಿಡಲು ಕಲಿಸುತ್ತದೆ.

5. ಜ್ವರದ ಮೊದಲ ಎರಡು ಮೂರು ದಿನಗಳ ಕೂಲಿಯನ್ನು ಕಡಿತ ಮಾಡುವುದಿಲ್ಲವೆಂದು ಮುಂಚಿತವಾಗಿ, ಬರಹದಲ್ಲಿ ತಿಳಿಸಬೇಕು. ರೋಗ ಬಂದ ಮೇಲೆ ತೋರುವ ಕರುಣೆ ಮೊದಲ ದಿನದ ಮುಚ್ಚುಮರೆಯನ್ನು ತಪ್ಪಿಸಲಾರದು.

6. ಅಂಗಡಿಯೊಳಗೆ ಒಮ್ಮೆಗೆ ಇಷ್ಟೇ ಜನ ಎಂಬ ಮಿತಿಯನ್ನು ವ್ಯಾಪಾರಕ್ಕೆ ತೊಡಕೆಂದು ಭಾವಿಸಬಾರದು. ಭಯವಿರುವ ಕಾಲದಲ್ಲಿ ಗ್ರಾಹಕರು ಸಂದಣಿಯಿಲ್ಲದ ಅಂಗಡಿಯನ್ನೇ ಹುಡುಕಿ ಹೋಗುತ್ತಾರೆ.

7. ಒಂದು ಬೀದಿಯ ಅಂಗಡಿಗಳೆಲ್ಲ ಒಂದೇ ನಿಯಮಕ್ಕೆ ಒಪ್ಪಬೇಕು. ಒಬ್ಬರು ಮಾಸ್ಕ್ ಕೇಳಿ, ಪಕ್ಕದವರು ಕೇಳದಿದ್ದರೆ ಕೇಳಿದವರಿಗೆ ಗಿರಾಕಿ ನಷ್ಟ. ಈ ತೊಡಕನ್ನು ಒಬ್ಬ ವರ್ತಕರು ಬಿಡಿಸಲಾರರು. ವರ್ತಕರ ಸಂಘಗಳಿಗೂ ವಾಣಿಜ್ಯ ಮಂಡಲಿಗಳಿಗೂ ನಿಜವಾದ ಪಾತ್ರವಿರುವುದು ಇಲ್ಲಿ.

ಉಪಸಂಹಾರ

ಕಾನೂನು ಅನಾವಶ್ಯಕವೆಂಬುದು ಈ ಚರ್ಚೆಯ ತಾತ್ಪರ್ಯವಲ್ಲ. ಆದೇಶವು ಅಪಾಯದ ಸುದ್ದಿಯನ್ನು ಎಲ್ಲರಿಗೂ ಒಂದೇ ದಿನ ಮುಟ್ಟಿಸುತ್ತದೆ; ಪಾಲಿಸುವವನು ಮೂರ್ಖನಲ್ಲವೆಂಬ ಭರವಸೆ ನೀಡುತ್ತದೆ; ಉದ್ದೇಶಪೂರ್ವಕವಾಗಿ ಇತರರಿಗೆ ಕೆಡುಕು ಮಾಡುವವನನ್ನು ತಡೆಯುತ್ತದೆ. ಆದರೆ ಪ್ರತಿಯೊಂದು ಗಲ್ಲೆ, ಪ್ರತಿಯೊಂದು ಯಂತ್ರದ ಬಳಿ ಕಾವಲುಗಾರನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಕಾವಲುಗಾರನಿಲ್ಲದ ಕಡೆ ಕೆಲಸ ಮಾಡುವುದು ನಾಲ್ಕು ಸಂಗತಿಗಳು: ಅಪಾಯ ತನ್ನದೆಂಬ ಅರಿವು, ನೆರೆಯವರೂ ಪಾಲಿಸುತ್ತಿದ್ದಾರೆಂಬ ಕಣ್ಣಾರೆ ಕಂಡ ಭರವಸೆ, ಹೇಳುವವರ ಮೇಲಿನ ವಿಶ್ವಾಸ, ಪಾಲಿಸಿದರೆ ಹೊಟ್ಟೆಗೆ ಹೊಡೆತ ಬೀಳದೆಂಬ ಧೈರ್ಯ.

ಇವುಗಳಲ್ಲಿ ಮೊದಲನೆಯದನ್ನು ರೋಗವೇ ಕಲಿಸುತ್ತದೆ, ಆದರೆ ಬಹಳ ದುಬಾರಿ ಬೆಲೆಗೆ. ಉಳಿದ ಮೂರನ್ನು ಒದಗಿಸುವ ಶಕ್ತಿ ಉದ್ಯಮಿಗಳ ಕೈಯಲ್ಲಿಯೂ ಇದೆ. ಕೊನೆಯದಂತೂ, ಅಂದರೆ ಜ್ವರ ಬಂದ ದಿನದ ಕೂಲಿ, ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ. ಮುಂದಿನ ಸಾಂಕ್ರಾಮಿಕ ಯಾವಾಗ ಬರುವುದೆಂದು ಹೇಳಲಾಗದು. ಅಗ್ನಿ ವಿಮೆಯ ಕಂತನ್ನು ಬೆಂಕಿ ಬೀಳುವ ಮೊದಲೇ ಕಟ್ಟುವಂತೆ, ಈ ಏರ್ಪಾಡುಗಳನ್ನೂ ಆರೋಗ್ಯವಾಗಿರುವ ದಿನಗಳಲ್ಲೇ ಮಾಡಿಕೊಳ್ಳುವುದು ವಿವೇಕಯುತ ವ್ಯವಹಾರವೆನಿಸುತ್ತದೆ.